ಮಾತ್ರೆ ಕೊಡುವ ಜಾಗದಲ್ಲೇ ಬಿಪಿ, ಶುಗರ್ ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೂ ವಯಸ್ಸಾಗುತ್ತದೆ. ನಮ್ಮ ಆಸ್ಪತ್ರೆಗಳು ಇದನ್ನು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಕಾಯಿಲೆ ಹೆಚ್ಚಾಗಿ ಶುರುವಾಗುವುದು ಇಪ್ಪತ್ತರ ಆಸುಪಾಸಿನಲ್ಲಿ. ಎಲ್ಲರ ಗಮನವೂ ಅಲ್ಲೇ. ಕಿವಿಯಲ್ಲಿ ದನಿ ಕೇಳುವುದು ನಿಂತಿತಾ, ನಿದ್ದೆ ಬರುತ್ತಾ, ಮಾತ್ರೆ ನುಂಗ್ತಿದ್ದಾರಾ ಅಂತ ಕೇಳಿದರೆ ಮುಗಿಯಿತು.

ನನ್ನ ಅಣ್ಣನಿಗೆ ಈಗ ಐವತ್ತು ದಾಟಿದೆ. ವರ್ಷಗಟ್ಟಲೆ ತಪ್ಪದೆ ಮಾತ್ರೆ ತಂದಿದ್ದೇವೆ. ಅವನ ತೋಳಿಗೆ ಬಿಪಿ ಪಟ್ಟಿ ಕಟ್ಟಿದವರನ್ನು ನಾನು ನೋಡಿಲ್ಲ. ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿದ್ದು ಕಾಲಿನ ಗಾಯ ಮಾಯದೇ ಹೋದಾಗ.

ಇದು ಬರೀ ಕಾಲಿನ ಮಾತಲ್ಲ, ಮಿದುಳಿನ ಮಾತು. ಮಿದುಳಿನ ಒಂದು ಭಾಗ ಇನ್ನೊಂದರ ಜೊತೆ ಮಾತಾಡುವುದು ಉದ್ದನೆಯ ನರತಂತುಗಳ ಮೂಲಕ. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇರುವಂತೆ ಈ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಈ ತಂತುಗಳ ಕಟ್ಟನ್ನೇ ವೈಟ್ ಮ್ಯಾಟರ್ ಅನ್ನುವುದು. ಹೊದಿಕೆ ಕೆಟ್ಟರೆ ಸಂದೇಶ ನಿಧಾನವಾಗುತ್ತದೆ. ಯೋಚನೆ, ಗಮನ, ನಡಿಗೆ ಎಲ್ಲವೂ ನಿಧಾನ. ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಹೀಗಾಗುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಇದು ಜಾಸ್ತಿ.

2018ರಲ್ಲಿ ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ತಂಡ 1,963 ರೋಗಿಗಳ ಮಿದುಳಿನ ಸ್ಕ್ಯಾನ್‌ಗಳನ್ನು ಕಾಯಿಲೆ ಇಲ್ಲದ 2,359 ಜನರ ಸ್ಕ್ಯಾನ್‌ಗಳ ಜೊತೆ ಹೋಲಿಸಿತು. ನೋಡಿದ 25 ಜಾಗಗಳ ಪೈಕಿ 20ರಲ್ಲಿ ರೋಗಿಗಳ ವೈಟ್ ಮ್ಯಾಟರ್ ದುರ್ಬಲವಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಸಂಶೋಧಕರು 20ರಿಂದ 65 ವರ್ಷದವರನ್ನು ನೋಡಿದ್ದರು. ಸುಮಾರು 35ರ ನಂತರ ರೋಗಿಗಳಿಗೂ ಉಳಿದವರಿಗೂ ನಡುವಿನ ಅಂತರ ಎದ್ದು ಕಂಡಿತು. ಒಬ್ಬರನ್ನೇ ಮೂವತ್ತು ವರ್ಷ ಹಿಂಬಾಲಿಸಿದ ಅಧ್ಯಯನ ಇದಲ್ಲ, ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿದ್ದು. ಆದರೂ 35 ಅಂದರೆ ಮುಪ್ಪಲ್ಲ, ಅಲ್ವಾ?

ಇದನ್ನು ಓದುವ ಮನೆಯವರು ದಯವಿಟ್ಟು ಹೆದರಬೇಡಿ. ಇವು ಗುಂಪಿನ ಸರಾಸರಿ. ನಿಮ್ಮವರ ಮುಂದಿನ ದಿನಗಳು ಹೇಗಿರುತ್ತವೆ ಅಂತ ಇದರಿಂದ ಹೇಳಲಾಗದು. ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.

ಸಚಿವರೇ, ಇಲ್ಲಿ ಸರ್ಕಾರದ ಕೈಯಲ್ಲಿ ಆಗುವ ಕೆಲಸವೂ ಇದೆ. ಹೆಚ್ಚಿದ ಬಿಪಿ, ಸಕ್ಕರೆ, ಬೀಡಿ ಸಿಗರೇಟು ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಪೆಟ್ಟು ಬೀಳುವುದು ಇದೇ ವೈಟ್ ಮ್ಯಾಟರ್‌ಗೆ. ಬಿಪಿ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಬಂತು. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಈ ಹಾನಿ ಕಡಿಮೆ ಬೆಳೆದಿತ್ತು. ಆ ಪ್ರಯೋಗ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆದದ್ದಲ್ಲ, ನಿಜ. ಆದರೆ ಈ ಕಾಯಿಲೆಗೆ ಕೊಡುವ ಓಲಾಂಜಪೈನ್, ಕ್ಲೋಜಪೈನ್‌ನಂಥ ಮಾತ್ರೆಗಳಿಂದ ತೂಕವೂ ಸಕ್ಕರೆಯೂ ಏರುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಮಾತ್ರೆ ಕೊಡುವವರೇ ಅದನ್ನು ನೋಡಬೇಕು.

ಹೊಸ ಕಟ್ಟಡ ಬೇಡ, ಎಂಆರ್‌ಐ ಯಂತ್ರವೂ ಬೇಡ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. ತೀರ್ಥಹಳ್ಳಿ, ತುರುವೇಕೆರೆಯಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಯ ರೋಗಿಗಳಿಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿದೆ. ತಾಲ್ಲೂಕುಗಳಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ ಬೇರೆ ಕೋಣೆಯಲ್ಲಿ, ಬೇರೆ ಚೀಟಿಯಲ್ಲಿ. ತನಗೇನು ನೋವು ಅಂತ ಹೇಳಿಕೊಳ್ಳಲು ಕಷ್ಟಪಡುವ ಮನುಷ್ಯ ಎರಡನೇ ಸಾಲಿನಲ್ಲಿ ನಿಲ್ಲುವುದಿಲ್ಲ. ಕರೆದುಕೊಂಡು ಬಂದ ಎಪ್ಪತ್ತೈದರ ತಾಯಿಗೂ ನಿಲ್ಲುವ ಶಕ್ತಿ ಇಲ್ಲ.

ಅದಕ್ಕೇ ಒಂದು ಸುತ್ತೋಲೆ ಹೊರಡಿಸಿ. ಮಾನಸಿಕ ಕಾಯಿಲೆಯ ಮಾತ್ರೆ ಕೊಡುವ ಕಡೆಯಲ್ಲೇ ತೂಕ, ಸೊಂಟದ ಸುತ್ತಳತೆ, ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿ ಅದೇ ಪುಸ್ತಕದಲ್ಲಿ ಬರೆಯಲಿ. ವರ್ಷಕ್ಕೆ ಒಂದು ಸಲವಾದರೂ ನೆನಪು, ನಡಿಗೆ, ಬೀಡಿಯ ಬಗ್ಗೆ ಕೇಳಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ದೇಹದ ಕಾಯಿಲೆಯವರಿಗೂ ಮನಸ್ಸಿನ ಕಾಯಿಲೆಯವರಿಗೂ ಸಮಾನ ಚಿಕಿತ್ಸೆ ಕೊಡಿ ಅನ್ನುತ್ತದೆ. ನಾವು ಕೇಳುತ್ತಿರುವುದು ಅದನ್ನೇ.

ಇನ್ನೊಂದು ಮಾತು. ತಾಯಿ ತಂದೆ ತೀರಿಕೊಂಡ ಮೇಲೆ ಕ್ಲಿನಿಕ್‌ಗೆ ಬರುವುದನ್ನೇ ಬಿಟ್ಟವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಡಿಸಿ. ಅವರ ಮನೆ ಬಾಗಿಲಿಗೆ ಹೋಗಲು ಬೇರೆ ಯಾರೂ ಇಲ್ಲ.

ವಂದನೆಗಳೊಂದಿಗೆ,
ರೋಗಿಯೊಬ್ಬರ ತಂಗಿ