ಬೂವನಹಳ್ಳಿಯಿಂದ ಬೆಂಗಳೂರಿಗೆ ಇಪ್ಪತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಹಾಸನದ ಬಳಿಯ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ‘ಹಾಸನದಿಂದ ಬೆಂಗಳೂರಿಗೆ ಇಪ್ಪತ್ತೇ ನಿಮಿಷ’ ಎಂಬ ಲೆಕ್ಕ ಕೇಳಿಬರುತ್ತದೆ. ಬೂವನಹಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಸಣ್ಣ ಊರುಗಳಿಗೆ ಹಾರುವ ಎಟಿಆರ್ ಎಂಬ ಪುಟ್ಟ ವಿಮಾನದ ವೇಗ ಗಂಟೆಗೆ ಹೆಚ್ಚುಕಮ್ಮಿ 500 ಕಿ.ಮೀ. ಭಾಗಿಸಿದರೆ 21 ನಿಮಿಷ. ಭಾಗಾಕಾರವೇನೋ ಸರಿ, ಆದರೆ ವಿಮಾನ ಹಾಗೆ ಹಾರುವುದಿಲ್ಲ.

ಆ ವೇಗ ಸಿಗುವುದು ಮೇಲೇರಿ ಸಮತಟ್ಟಾಗಿ ಹಾರುವಾಗ ಮಾತ್ರ. ಇಷ್ಟು ಹತ್ತಿರದ ಊರುಗಳ ನಡುವೆ ಏರುವುದು ಮುಗಿಯುವಷ್ಟರಲ್ಲಿ ಇಳಿಯುವುದು ಶುರು. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ, ಪಶ್ಚಿಮದಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯುತ್ತದೆ. ಸಾಲಿನಲ್ಲಿ ಮುಂದೆ ಬೇರೆ ವಿಮಾನಗಳಿದ್ದರೆ ಆಕಾಶದಲ್ಲೇ ಸುತ್ತಬೇಕು. ವೇಳಾಪಟ್ಟಿಯ ಸಮಯವೂ ನೆಲ ಬಿಟ್ಟ ಕ್ಷಣದಿಂದಲ್ಲ, ನಿಂತ ಜಾಗದಿಂದ ಹೊರಟು ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನದು. ಬೆಂಗಳೂರು–ಶಿವಮೊಗ್ಗ ನೇರ ಅಂತರ ಸುಮಾರು 240 ಕಿ.ಮೀ., ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ. ಆ ಲೆಕ್ಕದಲ್ಲಿ ಹಾಸನಕ್ಕೆ ಮುಕ್ಕಾಲು ಗಂಟೆಗೆ ಕಡಿಮೆ ಹಿಡಿಯುವಂತಿಲ್ಲ.

ಇನ್ನು ನೆಲದ ಮೇಲಿನ ಸಮಯ. ದೇಶದೊಳಗಿನ ವಿಮಾನಗಳಿಗೆ ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೊಬೈಲ್‌ನಲ್ಲೇ ಬೋರ್ಡಿಂಗ್ ಪಾಸ್ ತೆಗೆದಿದ್ದರೂ, ಲಗೇಜ್ ಕೊಡುವವರಿಗೆ ವಿನಾಯಿತಿ ಇಲ್ಲ. ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ಒಳಗೆ ಒಂದೂಕಾಲು ಗಂಟೆ, ಹಾರಾಟ ಮುಕ್ಕಾಲು ಗಂಟೆ, ಲಗೇಜಿಗೆ ಇಪ್ಪತ್ತು ನಿಮಿಷ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ.; ಹೆಬ್ಬಾಳದ ಕೃಪೆಯಿದ್ದರೆ ಒಂದು ಗಂಟೆ. ಒಟ್ಟು ನಾಲ್ಕು ಗಂಟೆಯ ಹತ್ತಿರ. ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಕಾರಿನಲ್ಲಿ ಹೋದವರು ಅಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ಕಾಫಿ ಮುಗಿಸಿರುತ್ತಾರೆ.

ದೆಹಲಿಗೋ ಕೋಲ್ಕತ್ತಕ್ಕೋ ದೇವನಹಳ್ಳಿಯಲ್ಲಿ ವಿಮಾನ ಬದಲಿಸುವವರ ಮಾತು ಬೇರೆ. ಅವರಿಗೂ ಲಾಭವಾಗುವುದು ಎರಡು ಹಾರಾಟಗಳೂ ಒಂದೇ ಟಿಕೆಟ್‌ನಲ್ಲಿದ್ದು, ಲಗೇಜು ನೇರವಾಗಿ ಕೊನೆಯ ಊರಿಗೆ ಹೋಗುವಂತಿದ್ದರೆ. ಬೇರೆ ಬೇರೆ ಟಿಕೆಟ್ ಕೊಂಡರೆ ಬೆಂಗಳೂರಿನಲ್ಲಿ ಲಗೇಜು ಬಿಡಿಸಿಕೊಂಡು ಮತ್ತೆ ಕೌಂಟರಿಗೆ ಹೋಗಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣ ಹೋದಂತೆಯೇ.

ಆದ್ದರಿಂದ ಹಾಸನಕ್ಕೆ ವಿಮಾನ ಕೇಳುವವರು ಮೊದಲು ಮುಂಬೈ ಮಾರ್ಗ ಕೇಳಲಿ. ನೇರ ಅಂತರ ಸುಮಾರು 760 ಕಿ.ಮೀ., ಎಟಿಆರ್‌ನಲ್ಲೂ ಎರಡು ಗಂಟೆಯ ಆಸುಪಾಸು. ನೆಲದ ಮೇಲಿನ ಎರಡು–ಮೂರು ಗಂಟೆ ಸೇರಿಸಿದರೂ, ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದಕ್ಕಿಂತ ಎಷ್ಟೋ ಕಡಿಮೆ. ಹೈದರಾಬಾದ್ ಎರಡನೆಯದಾಗಲಿ. ಬೆಂಗಳೂರು ಕಡೆಗಿರಲಿ.

– ಒಬ್ಬ ಓದುಗ, ಹಾಸನ