ಸತ್ತವರ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 22ರ ಪತ್ರಿಕೆಗಳಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಪೊಲೀಸ್ ಹುತಾತ್ಮರ ಸ್ಮಾರಕಕ್ಕೆ ಗಣ್ಯರೊಬ್ಬರು ಹೂಗುಚ್ಛ ಇಡುತ್ತಿರುತ್ತಾರೆ. ಕೆಳಗೆ ಅವರ ಹೆಸರು, ಪಕ್ಕದಲ್ಲಿ ನಿಂತವರ ಹೆಸರು, ಭಾಷಣದ ನಾಲ್ಕು ಸಾಲು. ಯಾರಿಗಾಗಿ ಆ ಹೂವೋ ಅವರ ಹೆಸರು ಮಾತ್ರ ಇರುವುದಿಲ್ಲ.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದ ಪರೇಡ್ ನೋಡಿದವರಿಗೆ ಗೊತ್ತು, ಅದರ ಜೀವಾಳವೇ ಹೆಸರು ಓದುವುದು. ಹಿಂದಿನ ಒಂದು ವರ್ಷದಲ್ಲಿ ದೇಶದಾದ್ಯಂತ ಕೆಲಸದ ಮೇಲಿದ್ದಾಗಲೇ ಪ್ರಾಣ ಬಿಟ್ಟ ಪೊಲೀಸರ ಪಟ್ಟಿ ಹಿಡಿದು ಅಧಿಕಾರಿಯೊಬ್ಬರು ಓದುತ್ತಾ ಹೋಗುತ್ತಾರೆ. ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್, ಮತ್ತೆ ಕಾನ್‌ಸ್ಟೆಬಲ್. ಬಿಸಿಲು ಏರುತ್ತದೆ, ಪಟ್ಟಿ ಮುಗಿಯುವುದಿಲ್ಲ. ಆಮೇಲೆ ಮೂರು ಸುತ್ತು ಗುಂಡು, ಬ್ಯೂಗಲ್, ಮೌನ. ಅಷ್ಟು ಹೊತ್ತು ಓದಿದ ಹೆಸರುಗಳು ಮೈದಾನದ ಗೇಟು ದಾಟಿ ಹೊರಗೆ ಬರುವುದೇ ಇಲ್ಲ.

ಈ ದಿನ ಶುರುವಾದದ್ದು 1959ರ ಅಕ್ಟೋಬರ್ 21ರ ಘಟನೆಯಿಂದ. ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಗಸ್ತು ಹೋದವರು ವಾಪಸ್ ಬರಲಿಲ್ಲ ಅಂತ ಪೊಲೀಸ್ ಅಧಿಕಾರಿ ಕರಮ್ ಸಿಂಗ್ ಮುಂದಾಳತ್ವದಲ್ಲಿ ಹುಡುಕಲು ಹೊರಟ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಜನ ಸತ್ತರು. ಅವರ ದೇಹಗಳು ನಮ್ಮ ಕೈ ಸೇರಿದ್ದು ನವೆಂಬರ್ 13ಕ್ಕೆ. ಆಗ ಅಲ್ಲಿ ಗಡಿ ಕಾಯುತ್ತಿದ್ದವರು ಪೊಲೀಸರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ 2018ರಲ್ಲಿ ಉದ್ಘಾಟನೆ ಆದಾಗ ಅದರ ಗೋಡೆಯ ಮೇಲೆ 34,844 ಹೆಸರುಗಳಿದ್ದವು. ಎಲ್ಲವೂ ಸ್ವಾತಂತ್ರ್ಯ ಬಂದ ಮೇಲಿನವು. ನಮಗೆ ನೆನಪಿರುವುದು ಬೆರಳೆಣಿಕೆಯಷ್ಟು. ಮುಂಬೈ ಮೇಲೆ ಉಗ್ರರು ದಾಳಿ ಮಾಡಿದ 26/11ರ ರಾತ್ರಿ ಬರೀ ಲಾಠಿ ಹಿಡಿದು ನಿಂತು, ಕಸಬ್‌ನ ಎಕೆ-47 ನಳಿಕೆಯನ್ನು ಕೈಯಾರೆ ಅಮುಕಿ ಹಿಡಿದ ಎಎಸ್‌ಐ ತುಕಾರಾಮ್ ಓಂಬ್ಳೆ ನೆನಪಿದ್ದಾರೆ. ಗುಂಡುಗಳು ಮೈಗೆ ಹೊಕ್ಕರೂ ಅವರು ಬಿಡಲಿಲ್ಲ, ಹಾಗಾಗಿಯೇ ಕಸಬ್ ಜೀವಂತ ಸಿಕ್ಕ. ಅವರಿಗೆ ಅಶೋಕ ಚಕ್ರ ಬಂತು. 2021ರಲ್ಲಿ ಒಂದು ಜಿಗಿಯುವ ಜೇಡಕ್ಕೂ ವಿಜ್ಞಾನಿಗಳು ಅವರ ಹೆಸರಿಟ್ಟರು. (ನನಗೆ ಯಾಕೋ ಈ ಗೌರವ ಬಹಳ ಹಿಡಿಸಿತು.)

ನಮ್ಮ ರಾಜ್ಯದ್ದೇ ನೋಡಿ. 1992ರ ಆಗಸ್ಟ್ 14ರಂದು ವೀರಪ್ಪನ್ ಬೀಸಿದ ಬಲೆಗೆ ಸಿಕ್ಕಿ ಸತ್ತ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಅವರನ್ನು ಆ ಕಾಲದವರು ಈಗಲೂ ನೆನೆಯುತ್ತಾರೆ. ಅವತ್ತು ಅವರ ಜೊತೆಗೇ ಸತ್ತ ಸಿಬ್ಬಂದಿಯ ಹೆಸರು ಕೇಳಿ, ಹೇಳುವವರು ಸಿಗುವುದಿಲ್ಲ. ವೀರಪ್ಪನ್ ಹೆಸರು ಮಾತ್ರ ಮಕ್ಕಳಿಗೂ ಗೊತ್ತು.

ಗುಂಡು ತಗಲಿ ಸತ್ತವರಿಗಾದರೂ ಎರಡು ದಿನ ಸುದ್ದಿ ಇರುತ್ತದೆ. ರಾತ್ರಿ ನಾಕಾಬಂದಿಯಲ್ಲಿ ಕೈ ಅಡ್ಡ ಹಿಡಿದಾಗ ನಿಲ್ಲಿಸದೆ ಹೋದ ಲಾರಿ ಹರಿದು ಸತ್ತ ಕಾನ್‌ಸ್ಟೆಬಲ್‌ನದು? ಅದು ಒಳಪುಟದ ಅಪಘಾತ ಸುದ್ದಿ, ಅಷ್ಟೇ. ಅವನೂ ಡ್ಯೂಟಿಯಲ್ಲೇ ಸತ್ತವನು ಅಲ್ವಾ?

ಪೊಲೀಸರ ಬಗ್ಗೆ ಜನರಿಗೆ ಸಿಟ್ಟಿದೆ, ಅದಕ್ಕೆ ಕಾರಣಗಳೂ ಇವೆ. ಲಂಚ, ಲಾಕಪ್ಪಿನ ಹೊಡೆತ ಎಲ್ಲವನ್ನೂ ಬರೆಯಿರಿ, ಬರೆಯಲೇಬೇಕು. ಆ ಸಿಟ್ಟನ್ನು ಸತ್ತವನ ಹೆಸರಿನ ಮೇಲೆ ತೀರಿಸಿಕೊಳ್ಳುವುದು ಬೇಡ.

ನನ್ನ ಕೋರಿಕೆ ಚಿಕ್ಕದು. ಈ ಸಲ ರಾಜ್ಯದ ಹೆಸರುಗಳನ್ನಾದರೂ ಪೂರ್ತಿ ಹಾಕಿ. ಹೆಸರು, ಹುದ್ದೆ, ಠಾಣೆ, ಹೇಗೆ ಸತ್ತರು ಅಂತ ಒಂದು ಸಾಲು. ಮನೆಯವರು ಒಪ್ಪಿದರೆ ಫೋಟೊ. ಹೆಂಡತಿ ಮಕ್ಕಳ ಮುಂದೆ ಮೈಕ್ ಹಿಡಿಯುವುದು ಮಾತ್ರ ಬೇಡವೇ ಬೇಡ. ಪಟ್ಟಿಗೆ ಜಾಸ್ತಿ ಓಡಾಡಬೇಕಿಲ್ಲ, ಮೈದಾನದಲ್ಲಿ ಓದುವ ಹಾಳೆಯನ್ನೇ ನಿಮ್ಮ ವರದಿಗಾರರು ಕೇಳಿ ಪಡೆಯಬಹುದು. ಜಾಗ ಸಾಲದಿದ್ದರೆ ಗಣ್ಯರ ಫೋಟೊ ಬಿಡಿ.

– ನಿಮ್ಮ ಓದುಗ