ಬಸ್ಸಿಗೆ ನನ್ನ ಓಟು

ಮುಂದಿನ ತಿಂಗಳ ಥೀಮ್ ಪಾರ್ಕಿನ ಬೇಸಿಗೆ ಪ್ರವಾಸಕ್ಕೆ ಬಸ್ಸು ಮಾಡೋಣವೋ, ಅವರವರ ಕಾರಿನಲ್ಲೇ ಹೋಗೋಣವೋ ಎಂದು ನಮ್ಮ ಕೂಟದ ಸಮಿತಿಯಲ್ಲಿ ಒಂದೂವರೆ ಗಂಟೆ ಚರ್ಚೆಯಾಯಿತು. ಕಾರಾದರೆ ಬೇಕಾದಾಗ ಹೊರಡಬಹುದು, ಮಕ್ಕಳು ಮಲಗಬಹುದು, ಸ್ಟ್ರಾಲರ್ ಇಡಲು ಜಾಗ ಇರುತ್ತದೆ. ಎಲ್ಲ ಸರಿಯಾದ ಮಾತೇ. ಆದರೂ ನಾನು ಬಸ್ಸಿಗೆ ಕೈ ಎತ್ತಿದೆ. ಯಾಕೆ ಅಂತ ಖಜಾಂಚಿಗಳು ಕೇಳಿದಾಗ "ಸುಮ್ನೆ, ಎಲ್ಲರೂ ಒಟ್ಟಿಗೆ ಹೋದ ಹಾಗಾಗುತ್ತೆ" ಅಂದುಬಿಟ್ಟೆ. ನಿಜವಾದ ಕಾರಣ ಹೇಳಿದ್ದರೆ ನಗುತ್ತಿದ್ದರು. ಕೂಟದ ಸುದ್ದಿಪತ್ರದ ಸಂಪಾದಕನಿಗೆ ಇರುವ ಒಂದೇ ಅನುಕೂಲ ಅಂದರೆ, ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದುಕೊಳ್ಳಬಹುದು. ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಕಾರಣ ಇಷ್ಟೇ. ಥೀಮ್ ಪಾರ್ಕು ದೂರದಿಂದ ಮೊದಲ ಸಲ ಕಾಣಿಸುತ್ತದಲ್ಲ, ಆ ಗಳಿಗೆ ಕಾರು ಓಡಿಸುವವನಿಗೆ ಸಿಗುವುದಿಲ್ಲ.

ನಿಮ್ಮಲ್ಲಿ ಸ್ಟೀರಿಂಗ್ ಹಿಡಿಯುವವರಿಗೆ ಇದು ಗೊತ್ತಿರುತ್ತದೆ. ಹಿಂದಿನ ಸೀಟಿನಿಂದ "ಅಗೋ! ಅಗೋ ಕಾಣಿಸ್ತು!" ಎಂಬ ಕೂಗು. ನಾವು ಆಗ ಎಡಗಡೆ ಲೇನೋ ಬಲಗಡೆ ಲೇನೋ ಎಂದು ಬೋರ್ಡು ಓದುತ್ತಿರುತ್ತೇವೆ. ಮುಂದಿನ ಗಾಡಿ ಇದ್ದಕ್ಕಿದ್ದ ಹಾಗೆ ಬ್ರೇಕ್ ಹಾಕುತ್ತದೆ. "ಎಲ್ಲಿ? ಎಲ್ಲಿ?" ಎಂದು ತಲೆ ಎತ್ತುವಷ್ಟರಲ್ಲಿ ಮರಗಳು ಅಡ್ಡ ಬಂದಿರುತ್ತವೆ. "ಅಪ್ಪ ನೋಡಲೇ ಇಲ್ಲ" ಎಂದು ಹಿಂದಿನಿಂದ ತೀರ್ಪು ಬರುತ್ತದೆ. ಹತ್ತಾರು ವರ್ಷ ನನ್ನ ಕಥೆ ಇದೇ.

ಒಂದು ಸಲ ಬೇರೆ ಥರ ಆಯಿತು. ಮಗಳಿಗೆ ಆಗ ಆರು ವರ್ಷ. ಫ್ಲಾರಿಡಾದಲ್ಲಿ ಡಿಸ್ನಿಯವರ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿದ್ದೆವು. ಅಲ್ಲಿ ಕಾರು ನಿಲ್ಲಿಸಿದರೆ ಪಾರ್ಕು ಎದುರಿಗೆ ಇರುವುದಿಲ್ಲ. ನಡುವೆ ಸೆವೆನ್ ಸೀಸ್ ಲಗೂನ್ ಎಂಬ ದೊಡ್ಡ ಕೆರೆ. ಅದನ್ನು ದೋಣಿಯಲ್ಲಿ ದಾಟಬೇಕು, ಇಲ್ಲವೇ ಮಾನೊರೈಲಿನಲ್ಲಿ ಸುತ್ತಿಕೊಂಡು ಹೋಗಬೇಕು. ಮೊದಲು ನನಗೆ ರೇಗಿತು. ಇಷ್ಟು ದೂರ ಬಂದ ಮೇಲೂ ಇನ್ನೊಂದು ಸವಾರಿಯೇ, ಬಾಗಿಲ ಹತ್ತಿರವೇ ಕಾರು ಬಿಡಲು ಜಾಗ ಮಾಡಬಾರದಿತ್ತೇ ಅಂತ ಗೊಣಗಿದೆ. ದೋಣಿ ಹೊರಟಿತು. ಕೈಯಲ್ಲಿ ಸ್ಟೀರಿಂಗ್ ಇಲ್ಲ, ನೋಡಲು ಬೋರ್ಡಿಲ್ಲ. ಕಂಬಿ ಹಿಡಿದು ನಿಂತೆ.

ನೀರಿನಾಚೆ ಮರಗಳ ಮೇಲೆ ಪಾರ್ಕಿನ ಕೋಟೆಯ ನೀಲಿ ತುದಿಗಳು ಕಂಡವು. ಎರಡು ತಿಂಗಳಿಂದ ಬಾಯಿ ಮುಚ್ಚದೆ ಅದರ ಬಗ್ಗೆಯೇ ಮಾತಾಡಿದ್ದ ಹುಡುಗಿ ಥಟ್ಟನೆ ಸುಮ್ಮನಾದಳು. ಕುಣಿಯುತ್ತಾಳೆ, ಕಿರುಚುತ್ತಾಳೆ ಅಂದುಕೊಂಡು ನಾನು ಕ್ಯಾಮೆರಾ ತಯಾರಿಟ್ಟುಕೊಂಡಿದ್ದೆ. ಏನೂ ಇಲ್ಲ. ಕಂಬಿಯ ಮೇಲೆ ಗಲ್ಲ ಊರಿ ನಿಂತಳು. ಆಮೇಲೆ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಕೋಟೆಯನ್ನು ಅಳೆದಳು. "ಅಪ್ಪಾ, ನನ್ನ ಬೆರಳಿಗಿಂತ ಚಿಕ್ಕದು" ಅಂದಳು. ಬೇಜಾರಿನ ಮಾತಲ್ಲ ಅದು. ದೋಣಿ ಮುಂದೆ ಹೋದ ಹಾಗೆಲ್ಲ ಮತ್ತೆ ಮತ್ತೆ ಅಳೆದಳು. ಉಗುರಿನಷ್ಟಾಯಿತು, ಬೆರಳಿನಷ್ಟಾಯಿತು, ಬೆರಳು ದಾಟಿತು. ದಡ ಹತ್ತಿರ ಬಂದಾಗ ಕೈ ಇಳಿಸಿ ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಸ್ವಲ್ಪ ಹೆದರಿದ್ದಳು ಅನ್ನಿಸುತ್ತದೆ.

ಆ ದಿನದ ಯಾವ ಸವಾರಿಯ ಹೆಸರೂ ಇವತ್ತು ಅವಳಿಗೆ ನೆನಪಿಲ್ಲ. ಬೆರಳಿನ ಅಳತೆ ನೆನಪಿದೆ.

ನಾನು ಗೊಣಗಿದ ಆ ಕೆರೆ ಸುಮ್ಮನೆ ಅಡ್ಡ ಬಂದದ್ದಲ್ಲ ಎಂದು ಆಮೇಲೆ ಓದಿ ತಿಳಿದೆ. ಬೇಕೆಂದೇ ತೋಡಿದ್ದು. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಮೊದಲ ಡಿಸ್ನಿಲ್ಯಾಂಡ್ ಶುರುವಾದಾಗ ಅದರ ಸುತ್ತ ನೋಡನೋಡುತ್ತಲೇ ಮೋಟೆಲ್‌ಗಳು, ದೀಪದ ಬೋರ್ಡುಗಳು ತುಂಬಿಕೊಂಡವು. ಒಳಗೆ ನಿಂತವರಿಗೆ ಹೊರಗಿನದು ಕಾಣಬಾರದು ಎಂದು ಪಾರ್ಕಿನ ಸುತ್ತ ಮಣ್ಣಿನ ದಿಬ್ಬ ಏರಿಸಿ ಅದರ ಮೇಲೆ ರೈಲು ಓಡಿಸಿದ್ದರು, ನಿಜ. ಆದರೆ ಬರುವ ದಾರಿ ಡಿಸ್ನಿಯವರ ಕೈಯಲ್ಲಿರಲಿಲ್ಲ. ಹೀಗಾಗಿ ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಸಾವಿರಾರು ಎಕರೆ ಕೊಂಡರು. ವಾಲ್ಟ್ ಡಿಸ್ನಿ 1966ರಲ್ಲಿ ತೀರಿಕೊಂಡರು, ಪಾರ್ಕು ಬಾಗಿಲು ತೆರೆದದ್ದು 1971ರಲ್ಲಿ. ಅಲ್ಲಿ ಪಾರ್ಕಿನಷ್ಟೇ ಜೋಪಾನವಾಗಿ ಪಾರ್ಕಿಗೆ ಬರುವ ದಾರಿಯನ್ನೂ ಕಟ್ಟಿದ್ದಾರೆ. ಕಾರು ಅಲ್ಲೇ ಬಿಡಿ, ನೀರು ದಾಟಿ ಬನ್ನಿ, ದೂರದಿಂದ ನೋಡುತ್ತಾ ಬನ್ನಿ.

ಇನ್ನೂ ಒಂದು ಚಾಲಾಕಿತನ ಇದೆ. ದಡ ಸೇರಿ ಗೇಟಿನ ಹತ್ತಿರ ಬಂದರೆ ಕೋಟೆ ಮಾಯ! ಎದುರಿಗೆ ರೈಲು ನಿಲ್ದಾಣ ಅಡ್ಡ ನಿಂತಿರುತ್ತದೆ. ಅದರ ಕೆಳಗಿನ ಕಮಾನಿನಲ್ಲಿ ನುಸುಳಿ ಆಚೆ ಬಂದರೆ, ಅಂಗಡಿ ಬೀದಿಯ ಕೊನೆಯಲ್ಲಿ ಮತ್ತೆ ಕಾಣಿಸುತ್ತದೆ, ಈ ಸಲ ಪೂರ್ತಿಯಾಗಿ. ತೋರಿಸು, ಮುಚ್ಚು, ಮತ್ತೆ ತೋರಿಸು. ಮಗುವಿನ ಜೊತೆ ಮುಖ ಮುಚ್ಚಿ ಬೂಚಿ ಆಡಿಸುವಾಗ ನಾವು ಮಾಡುವುದೂ ಇದನ್ನೇ. ಹೀಗೆ ದೂರದಿಂದ ಸೆಳೆಯುವ ಎತ್ತರದ ಗುರುತನ್ನು ಡಿಸ್ನಿಯವರು 'ವೀನಿ' ಎಂದು ಕರೆಯುತ್ತಿದ್ದರು. ವೀನಿ ಅಂದರೆ ಸಾಸೇಜ್. ನಾಯಿಯ ಮುಂದೆ ಅದನ್ನು ಹಿಡಿದರೆ ಹಿಂದೆ ಹಿಂದೆಯೇ ಬರುತ್ತದಲ್ಲ, ಆ ಲೆಕ್ಕ. ನಾಯಿ ಯಾರು ಅಂತ ಕೇಳಬೇಡಿ.

ಕೋಟೆಯ ಎತ್ತರ 189 ಅಡಿ. ಮೇಲೆ ಮೇಲೆ ಹೋದ ಹಾಗೆ ಕಿಟಕಿ, ಕಲ್ಲು ಎಲ್ಲ ಚಿಕ್ಕದಾಗುತ್ತಾ ಹೋಗುತ್ತವೆ, ಅದರಿಂದ ಇರುವುದಕ್ಕಿಂತ ಜಾಸ್ತಿ ಎತ್ತರ ಅನ್ನಿಸುತ್ತದೆ. ಅಸಲಿಗೆ ಅದು ಕಲ್ಲೂ ಅಲ್ಲ. ಒಳಗೆ ಉಕ್ಕು, ಕಾಂಕ್ರೀಟು, ತುದಿಗಳೆಲ್ಲ ಫೈಬರ್‌ಗ್ಲಾಸ್. ಇದನ್ನೆಲ್ಲ ತಿಳಿದ ಮೇಲೆ ಮತ್ತೊಮ್ಮೆ ಹೋದೆ. ಗುಟ್ಟೆಲ್ಲ ಗೊತ್ತು, ಈಗ ಏನೂ ಅನ್ನಿಸುವುದಿಲ್ಲ ಅಂದುಕೊಂಡೇ ದೋಣಿ ಹತ್ತಿದ್ದೆ. ತುದಿ ಕಂಡದ್ದೇ ಎದೆ ಧಸಕ್ ಅಂತು. ಮೈಗೆ ಓದು ಬರಹ ಬರುವುದಿಲ್ಲ ನೋಡಿ.

ಎಲ್ಲ ಪಾರ್ಕೂ ಹೀಗೆ ಕೋಟೆ ತೋರಿಸಿ ಕರೆಯುವುದಿಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಸವಾರಿಗಳು ಮರಗಳ ತುದಿಗಿಂತ ಮೇಲೆ ಏಳಬಾರದು ಎಂಬ ಕಟ್ಟುಪಾಡಿದೆ. ಅದಕ್ಕೇ ಅವರು ಕೆಳಗೆ ಅಗೆದರು. 1994ರ ನೆಮೆಸಿಸ್ ಎಂಬ ಸವಾರಿ ಬಂಡೆ ಒಡೆದು ಮಾಡಿದ ಹಳ್ಳದಲ್ಲಿ ಸುತ್ತುತ್ತದೆ. 1998ರ ಆಬ್ಲಿವಿಯನ್ ನೇರ ನೆಲದ ತೂತಿಗೇ ಬೀಳುತ್ತದೆ. ಹೋಗುವವರಿಗೆ ಕಾಣಿಸುವುದು ಮರ, ಹುಲ್ಲು, ಹಳೇ ಬಂಗಲೆ. ಅಲ್ಲಿ ಪಾರ್ಕು ಮೊದಲು ಕಿವಿಗೆ ಬೀಳುತ್ತದೆ. ಮರಗಳ ಹಿಂದಿನಿಂದ ಒಂದು ಗರಗರ, ಅದರ ಹಿಂದೆಯೇ ಇಪ್ಪತ್ತು ಮೂವತ್ತು ಜನರ ಚೀರಾಟ, ಆಮೇಲೆ ಮೌನ. ಕಾಣದೆ ಕೇಳಿಸುವುದೇ ಜಾಸ್ತಿ ಹೆದರಿಸುತ್ತದೆ ಅಂತ ನನಗನ್ನಿಸುತ್ತದೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ.

ಅವಳು ಒಪ್ಪದಿರಲು ಕಾರಣ ಸೀಡರ್ ಪಾಯಿಂಟ್ ಎಂಬ ಪಾರ್ಕು. ಒಹಾಯೋದ ಸ್ಯಾಂಡಸ್ಕಿ ಪಕ್ಕ, ಈರಿ ಸರೋವರದೊಳಕ್ಕೆ ಚಾಚಿದ ನೆಲದ ತುಂಡು ಅದು. 1870ರಲ್ಲಿ ಬರೀ ಸ್ನಾನದ ದಡವಾಗಿ ಶುರುವಾದದ್ದು. ಈಗ ಅಲ್ಲಿಗೆ ಹೋಗಲು ಕೊಲ್ಲಿಯ ಮೇಲೆ ಕಾಸ್‌ವೇ ಎಂಬ ಉದ್ದನೆಯ ಏರು ರಸ್ತೆ ಇದೆ, ಎರಡೂ ಕಡೆ ನೀರು. ಅಲ್ಲಿ ಮುಚ್ಚುಮರೆ ಏನಿಲ್ಲ. ಊರಿನ ಮನೆ ಮರ ಮುಗಿದದ್ದೇ ತಡ, ಆಕಾಶದ ತುಂಬ ರೋಲರ್ ಕೋಸ್ಟರ್‌ಗಳು. 1989ರಲ್ಲಿ ಬಂದ ಮ್ಯಾಗ್ನಮ್ 205 ಅಡಿ. ಪೂರ್ತಿ ಸುತ್ತು ಹಾಕುವ ಕೋಸ್ಟರ್‌ಗಳಲ್ಲಿ ಇನ್ನೂರು ಅಡಿ ದಾಟಿದ ಮೊದಲನೆಯದು ಎಂದು ಆಗ ದೊಡ್ಡ ಸುದ್ದಿ. 2000ದಲ್ಲಿ ಬಂದ ಮಿಲೇನಿಯಮ್ ಫೋರ್ಸ್ 310 ಅಡಿ. ಆಮೇಲೆ 420 ಅಡಿಯ ಇನ್ನೊಂದು. ಡಿಸ್ನಿ ಕೋಟೆಯನ್ನು ಇದರ ಪಕ್ಕ ನಿಲ್ಲಿಸಿದರೆ ಅರ್ಧಕ್ಕೂ ಬರುವುದಿಲ್ಲ. ಇವು ಚಂದ ಕಾಣಲಿ ಎಂದು ಯಾರೂ ಬಣ್ಣದ ತುದಿ ಮಾಡಿಲ್ಲ. ಬರೀ ಕಂಬಿ, ಕಬ್ಬಿಣ. ಆದರೂ ಕಣ್ಣು ಕೀಳಲು ಆಗುವುದಿಲ್ಲ.

ಮಗನಿಗೆ ಹನ್ನೊಂದು ವರ್ಷವಿದ್ದಾಗ ಮೊದಲ ಸಲ ಆ ಕಾಸ್‌ವೇ ದಾಟಿದೆವು. ನಾನು ಎಂದಿನ ಹಾಗೆ ಲೇನು ನೋಡುತ್ತಿದ್ದೆ. ಆ ಹೊತ್ತಿನದ್ದೆಲ್ಲ ನನಗೆ ಗೊತ್ತಿರುವುದು ಹೆಂಡತಿ ಹೇಳಿದ್ದರಿಂದ. ಹುಡುಗ ಹಣೆಯನ್ನು ಕಿಟಕಿ ಗಾಜಿಗೆ ಒತ್ತಿ ಕೂತಿದ್ದನಂತೆ. ದೂರದ ಗುಡ್ಡದಂಥ ಕಂಬಿಯ ಮೇಲೆ ಒಂದು ಸಣ್ಣ ಗೆರೆ ನಿಧಾನಕ್ಕೆ ಹತ್ತುತ್ತಿತ್ತಂತೆ, ಇರುವೆ ಸಾಲಿನ ಹಾಗೆ. ಅದರಲ್ಲಿ ಜನ ಇದ್ದಾರೆ ಎಂದು ಅವನಿಗೆ ಹೊಳೆದದ್ದು ಅದು ತುದಿ ತಲುಪಿದಾಗ. ಗೆರೆ ಒಂದು ಕ್ಷಣ ಅಲ್ಲೇ ನಿಂತ ಹಾಗಾಯಿತು. ಆಮೇಲೆ ಬಿತ್ತು. ಅಷ್ಟು ದೂರಕ್ಕೆ ಸದ್ದು ಬರುವುದಿಲ್ಲ. ಸದ್ದೇ ಇಲ್ಲದೆ ಬಿತ್ತು. "ಅಮ್ಮಾ, ನನಗೆ ಹೊಟ್ಟೆ ನೋವು" ಅಂದನಂತೆ. ಅವಳಿಗೂ ಅದೇ ಹೊಟ್ಟೆ ನೋವು, ಹೇಳಿಕೊಳ್ಳಲಿಲ್ಲ ಅಷ್ಟೇ. ಪಾರ್ಕಿಂಗ್ ಸೇರಿದಾಗ ಗಾಜಿನ ಮೇಲೆ ಅವನ ಹಣೆಯ ಜಿಡ್ಡಿನ ಗುರುತು ದುಂಡಗೆ ಉಳಿದಿತ್ತು. ನನಗೆ ಸಿಕ್ಕಿದ್ದು ಅಷ್ಟು.

ವಿಚಿತ್ರ ಏನೆಂದರೆ, ಹಾಗೆ ಹೆದರಿದವನು ಗಾಡಿ ಹಿಂತಿರುಗಿಸು ಅನ್ನಲಿಲ್ಲ. ಆಸೆ, ಹೆದರಿಕೆ ಎರಡೂ ಒಟ್ಟಿಗೇ ಹೊಟ್ಟೆಯಲ್ಲಿ ಕಲಸಿಕೊಂಡಿರುತ್ತವೆ, ಅಲ್ವಾ? ಒಳಗೆ ಹೋದ ಮೇಲೆ ಅವು ಬೇರೆ ಬೇರೆಯಾಗುತ್ತವೆ. ಇದು ಹತ್ತುತ್ತೇನೆ, ಅದು ಬೇಡ, ಈ ಸಾಲು ಉದ್ದ, ಕಾಲು ನೋವು, ಬಾಯಾರಿಕೆ. ದೂರದಿಂದ ನೋಡುವಾಗ ಇದಾವುದೂ ಇಲ್ಲ. ಸಾಲು ಕಾಣುವುದಿಲ್ಲ, ಬಿಸಿಲು ತಟ್ಟುವುದಿಲ್ಲ. ಅಲ್ಲಿರುವ ಎಲ್ಲವೂ ಇನ್ನೂ ನಮ್ಮದೇ. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ರಜೆಗೆ ಹೋಗುವವರ ಖುಷಿಯನ್ನು ಅಳೆಯಲು ಹೊರಟಿದ್ದರು. ಉಳಿದವರಿಗಿಂತ ಅವರು ಹೆಚ್ಚು ಖುಷಿಯಾಗಿ ಕಂಡದ್ದು ಹೊರಡುವ ಮುಂಚೆ. ವಾಪಸು ಬಂದ ಮೇಲೆ ಬಹುಪಾಲು ಜನರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಇದನ್ನು ಓದಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸಂಜೆ ಪಾರ್ಕಿಂಗ್‌ನಲ್ಲಿ ನಮ್ಮ ಮುಖಗಳನ್ನು ನೋಡಿದರೆ ಸಾಕು, ಸಂಶೋಧನೆ ಬೇಕಿಲ್ಲ.

ಇನ್ನೊಂದು ಮಾತು, ದೊಡ್ಡವರ ಬಗ್ಗೆ. ಪಾರ್ಕು ಕಂಡಾಗ ನಾವು ನೋಡುವುದು ಪಾರ್ಕನ್ನಲ್ಲ, ಮಕ್ಕಳ ಮುಖವನ್ನು. ತಿರುಗಿ ತಿರುಗಿ ನೋಡುತ್ತೇವೆ. ಖುಷಿಯಾಯಿತಾ? ಆಯಿತು ತಾನೇ? ದುಡ್ಡು ಕೊಟ್ಟವರ ಅವಸರ ಅದು. ಪಾಪ, ಮಕ್ಕಳಿಗೂ ಅದು ಗೊತ್ತಾಗುತ್ತದೆ. ಸ್ವಲ್ಪ ದೊಡ್ಡವರಾದ ಮೇಲೆ ನಮಗೋಸ್ಕರ ಒಂದು "ವಾವ್" ಎಸೆಯುತ್ತಾರೆ. ಪ್ರವಾಸದ ಫೋಟೋಗಳನ್ನು ಸುದ್ದಿಪತ್ರಕ್ಕೆ ಕಳಿಸಿ ಎಂದು ನಾನೇ ಪ್ರತಿವರ್ಷ ಕೇಳುತ್ತೇನೆ. ಈ ಸಲವೂ ಕಳಿಸಿ. ಆದರೆ ಆ ಒಂದು ನಿಮಿಷದ್ದು ಬೇಡ.

ಹೋದ ವರ್ಷ ಮಗನಿಗೆ ಲೈಸೆನ್ಸ್ ಬಂತು. ಸೀಡರ್ ಪಾಯಿಂಟ್‌ಗೆ ತಾನೇ ಓಡಿಸುತ್ತೇನೆ ಅಂದ. ಅಮ್ಮ ಮುಂದೆ, ನಾನು ಹಿಂದೆ. ಮೊದಲ ಸಲ ಹಿಂದಿನ ಸೀಟು. ಸ್ಯಾಂಡಸ್ಕಿ ಹತ್ತಿರ ಬಂದದ್ದೇ ಕನ್ನಡಕ ಒರೆಸಿಕೊಂಡೆ. ಐವತ್ತು ದಾಟಿದವನು ಹೀಗೆ ಕಾಯುತ್ತಿದ್ದಾನೆ ಎಂದು ಯಾರಿಗೂ ತಿಳಿಯದಿರಲಿ ಎಂದು ಫೋನು ನೋಡುವವನ ಹಾಗೆ ನಟಿಸಿದೆ.

ತಿರುವು ಬಂತು. ನೀರು ಬಂತು. ಆಮೇಲೆ ಅವು ಬಂದವು, ಎಲ್ಲ ಒಟ್ಟಿಗೆ, ನೀರಿನ ಅಂಚಿನಿಂದ ಎದ್ದು ನಿಂತ ಹಾಗೆ. ಒಂದು ಗೆರೆ ಹತ್ತುತ್ತಿತ್ತು. ತುದಿಯಲ್ಲಿ ನಿಂತಿತು. ಬಿತ್ತು. ಗಾಜಿಗೆ ಹಣೆ ತಾಗಿದ್ದು ತಣ್ಣಗೆ ಅನ್ನಿಸಿದಾಗಲೇ ನಾನು ಬಗ್ಗಿದ್ದೇನೆ ಎಂದು ಗೊತ್ತಾದದ್ದು.

"ಅಪ್ಪಾ, ಕಾಣಿಸ್ತಾ?" ಅಂದ ಮಗ. ಅವನ ಕಣ್ಣು ಮುಂದಿನ ಗಾಡಿಯ ಬ್ರೇಕ್ ದೀಪದ ಮೇಲಿತ್ತು.

"ಕಾಣಿಸ್ತು ಕಣೋ."

"ಹೇಗಿದೆ?"

ಹೇಳಲು ಹೊರಟೆ. ಗಂಟಲು ಕಟ್ಟಿತು. ಅಷ್ಟರಲ್ಲಿ ಅವನೇ, "ಇರು, ಇರು, ಆಮೇಲೆ ಹೇಳು. ಯಾವ ಲೇನು ಹಿಡೀಬೇಕು ನೋಡು" ಅಂದ.